ಜಿಜ್ಞಾಸು ತರುಣನೂ ಬೋಧಕನ ಧರ್ಮವೂ

ಮಕ್ಕಳು ಪ್ರಾಯಕ್ಕೆ ಬರುವಾಗ ಅವರ ದೇಹದೊಡನೆ ಅವರ ಪ್ರಶ್ನೆಗಳೂ ಬೆಳೆಯುತ್ತವೆ. ಎಂಟು ವರ್ಷದ ಬಾಲಕನು ದೇವರ ಮನೆಯ ಮುಂದೆ ಕೈಮುಗಿದು ನಿಲ್ಲುವುದು ಹಿರಿಯರು ನಿಂತಿರುವರೆಂಬ ಕಾರಣದಿಂದ. ಹದಿನೆಂಟು ವರ್ಷದ ತರುಣನು ಅದೇ ಸ್ಥಳದಲ್ಲಿ ನಿಂತು, ‘ಇದು ನಿಜವೇ? ನಿಜವಾದರೆ ನನಗೇಕೆ ಕಾಣುವುದಿಲ್ಲ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವನು. ಇದು ಅವಿನಯವಲ್ಲ, ಬುದ್ಧಿಯು ಎಚ್ಚತ್ತಿತೆಂಬುದಕ್ಕೆ ಗುರುತು. ಮನೆಯಲ್ಲಿ ಉತ್ತರ ದೊರೆತರೆ ಅವನು ಅಲ್ಲಿಯೇ ಹುಡುಕುವನು. ದೊರೆಯದಿದ್ದರೆ ಪುಸ್ತಕದ ಬಳಿಗೂ, ಗೆಳೆಯನ ಬಳಿಗೂ, ಉಪಾಧ್ಯಾಯನ ಬಳಿಗೂ ಹೋಗುವನು. ಹಾಗೆ ಹೋದವನೊಬ್ಬನು ಕ್ರೈಸ್ತನೊಬ್ಬನ ಬಾಗಿಲಲ್ಲಿ ನಿಂತು, ‘ನೀವು ನಂಬಿರುವುದೇನು? ಏಕೆ ನಂಬಿದ್ದೀರಿ?’ ಎಂದು ಕೇಳಿದನೆನ್ನೋಣ. ಆಗ ಆ ಕ್ರೈಸ್ತನು ಮಾಡತಕ್ಕದ್ದೇನು, ಮಾಡಬಾರದ್ದೇನು? ಈ ಪ್ರಶ್ನೆಯನ್ನು ವಾಚಕರ ಮುಂದಿಟ್ಟು ಕೊಂಚ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯು ಕ್ರೈಸ್ತರಿಗೆ ಮಾತ್ರ ಸೇರಿದ್ದೆಂದು ಯಾರೂ ಭಾವಿಸಬೇಕಾದುದಿಲ್ಲ. ನಮ್ಮ ನಾಡಿನಲ್ಲಿ ನೂರಾರು ಹಿಂದೂ ಮನೆಗಳ ಮಕ್ಕಳು ಕ್ರೈಸ್ತರು ನಡೆಯಿಸುವ ಶಾಲೆಗಳಲ್ಲಿ ಓದಿರುವರು, ಓದುತ್ತಿರುವರು. ಉತ್ತರ ಹೇಳುವವನ ನೀತಿ ಎಂತಹದು ಎಂಬುದು ಕೇಳುವವನ ಮನೆಯ ನೆಮ್ಮದಿಗೂ ಸಂಬಂಧಪಟ್ಟ ವಿಷಯ. ಒಂದು ಕಡೆ ಒಬ್ಬ ಮನುಷ್ಯನ ಅಂತಃಕರಣ, ಇನ್ನೊಂದು ಕಡೆ ಅವನನ್ನು ಹೆತ್ತು ಸಾಕಿದವರ ವಿಶ್ವಾಸ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾಗಿದೆ.

ಕೆಲವರು ಸುಲಭವಾದ ಪರಿಹಾರವೊಂದನ್ನು ಹೇಳುವರು: ಮತವು ಅವರವರ ಸ್ವಂತ ವಿಷಯ, ಕೇಳಿದರೂ ಹೇಳದೆ ಸುಮ್ಮನಿರುವುದೇ ಸಭ್ಯತೆ ಎಂದು. ಈ ಮಾತು ಮೇಲುನೋಟಕ್ಕೆ ಹಿತವಾಗಿ ತೋರಿದರೂ ಪರೀಕ್ಷೆಗೆ ನಿಲ್ಲಲಾರದು. ತನ್ನ ಬಾಳಿಗೆ ಆಧಾರವಾದುದು ಯಾವುದೆಂದು ಒಬ್ಬನು ನಂಬಿರುವನೋ, ಅದನ್ನು ಕೇಳಿ ಬಂದವನಿಗೆ ಹೇಳದೆ ಮುಚ್ಚಿಡುವುದು ಸಭ್ಯತೆಯಾಗದು. ಅದು ಕೇಳಿದವನನ್ನು ಅಪ್ರಬುದ್ಧನೆಂದು ಎಣಿಸಿದಂತೆ. ಗಣಿತದ ಸಂದೇಹವನ್ನು ಬಿಡಿಸಿ ಹೇಳುವ ಉಪಾಧ್ಯಾಯನು ಸಾವಿನ ವಿಷಯವನ್ನೂ, ಪಾಪಪುಣ್ಯಗಳ ವಿಷಯವನ್ನೂ ಎತ್ತಿದೊಡನೆ ಮುಖ ತಿರುಗಿಸಿದರೆ, ಆ ವಿಷಯಗಳಲ್ಲಿ ವಿಚಾರಕ್ಕೆ ಅವಕಾಶವಿಲ್ಲವೆಂಬ ಪಾಠವನ್ನೇ ತರುಣನು ಕಲಿಯುವನು. ಮೌನವೂ ಒಂದು ಬೋಧನೆಯೇ. ಆದುದರಿಂದ ಕೇಳಿದವನಿಗೆ ಹೇಳುವುದು ಯುಕ್ತವೆಂಬಷ್ಟನ್ನು ಒಪ್ಪಿ ಮುಂದುವರಿಯೋಣ. ಕಷ್ಟವಿರುವುದು ಹೇಳುವ ರೀತಿಯಲ್ಲಿ. ಹೇಳುವವನ ಕೈಯಲ್ಲಿ ಮಾತಿನ ಹೊರತು ಇನ್ನೇನೇನು ಇದೆ ಎಂಬುದರಲ್ಲಿ.

ಈ ಕಷ್ಟವು ಎಷ್ಟು ನಿಜವಾದುದೆಂಬುದನ್ನು ನಮ್ಮ ಕರಾವಳಿಯ ಚರಿತ್ರೆಯೇ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಸಂಸ್ಥೆಯು ೧೮೩೪ರಲ್ಲಿ ಮಂಗಳೂರಿಗೆ ತನ್ನ ಮೊದಲ ಬೋಧಕರನ್ನು ಕಳುಹಿಸಿತು. ಎರಡು ವರ್ಷಗಳ ತರುವಾಯ ಬಂದವರು ಹರ್ಮನ್ ಮೊಗ್ಲಿಂಗರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿ, ಕನ್ನಡ ಪತ್ರಿಕಾಲೋಕಕ್ಕೆ ನಾಂದಿ ಹಾಡಿದವರು ಇವರೇ. ಅದರ ಮರುವರ್ಷ, ೧೮೪೪ರ ಜನವರಿಯಲ್ಲಿ, ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯನು ದೀಕ್ಷಾಸ್ನಾನ ಪಡೆದನು. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಬಾಲ್ಯದಲ್ಲಿಯೇ ಮದುವೆಯಾಗಿದ್ದ ಪತ್ನಿಯು ಅವನ ಸಂಗಡ ಬರಲಿಲ್ಲ. ೧೮೪೬ರಲ್ಲಿ ಅವನು ಮೊಗ್ಲಿಂಗರೊಡನೆ ಯೂರೋಪಿಗೆ ಹೋಗಿ ಬಾಸೆಲಿನಲ್ಲಿ ಓದಿ, ಬೋಧಕನಾಗಿ ಹಿಂದಿರುಗಿದನು. ಮುಂದೆ ಕೊಡಗಿನಲ್ಲಿ, ಹೊಲೆಯರೆಂದು ದೂರವಿಡಲ್ಪಟ್ಟಿದ್ದವರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿದನು. ಅವನು ೧೮೯೩ರಲ್ಲಿ ತೀರಿಕೊಂಡನು.

ಈ ಕಥೆಯನ್ನು ಎರಡು ಬಗೆಯಾಗಿ ಹೇಳಬಹುದು. ಒಬ್ಬ ತರುಣನು ಸತ್ಯವೆಂದು ತನಗೆ ತೋರಿದುದಕ್ಕಾಗಿ ಕುಲವನ್ನೂ ಮನೆಯನ್ನೂ ತೊರೆದು, ಐವತ್ತು ವರ್ಷ ಕದಲದೆ ನಿಂತನೆಂದು ಹೇಳಬಹುದು. ಒಂದು ಮನೆಯು ಓದಿಗೆಂದು ಕಳುಹಿಸಿದ ಮಗನನ್ನು ಕಳೆದುಕೊಂಡಿತು, ಒಬ್ಬ ಹುಡುಗಿಯು ತಾನು ಮಾಡದ ತೀರ್ಮಾನದ ಫಲವನ್ನು ತಾನು ಉಂಡಳು ಎಂದೂ ಹೇಳಬಹುದು. ಎರಡೂ ಸತ್ಯವೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವನು ಚರಿತ್ರೆಯನ್ನು ಹೇಳಿದಂತಾಗಲಿಲ್ಲ. ಇಂತಹ ಸಂಗತಿಗಳು ಎಷ್ಟು ತೊಡಕನ್ನು ತಂದವೆಂಬುದಕ್ಕೆ ಅಂದಿನ ಕಾನೂನುಗಳೇ ಸಾಕ್ಷಿ. ೧೮೫೦ರ ಇಪ್ಪತ್ತೊಂದನೆಯ ಆಕ್ಟು, ಮತವನ್ನು ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ವಿಧಿಸಿತು. ೧೮೬೬ರ ಇಪ್ಪತ್ತೊಂದನೆಯ ಆಕ್ಟು, ಕ್ರೈಸ್ತನಾದವನನ್ನು ಗಂಡನೋ ಹೆಂಡತಿಯೋ ತೊರೆದ ಪಕ್ಷದಲ್ಲಿ ವಿವಾಹವಿಚ್ಛೇದಕ್ಕೆ ದಾರಿಮಾಡಿತು. ಆಸ್ತಿಗೊಂದು, ದಾಂಪತ್ಯಕ್ಕೊಂದು ಶಾಸನ ಹುಟ್ಟಬೇಕಾದರೆ ಮನೆಗಳೊಳಗೆ ಎಷ್ಟು ಕಣ್ಣೀರು ಹರಿದಿರಬೇಕು! ಆದರೆ ಕಣ್ಣೀರಿಗೆ ಶಾಸನವಿಲ್ಲ.

ಹಾಗಾದರೆ ಕೇಳಿದವನಿಗೆ ಹೇಳಿದ್ದೇ ತಪ್ಪಾಯಿತೇ? ಇಲ್ಲಿ ನಮ್ಮ ಪ್ರಾಚೀನರ ದೃಷ್ಟಿಯು ನೆರವಿಗೆ ಬರುತ್ತದೆ. ಕಠೋಪನಿಷತ್ತಿನ ನಚಿಕೇತನೂ ಒಬ್ಬ ಬಾಲಕನೇ. ಕೇಳಬಾರದೆಂದು ಜನರು ಎಣಿಸುವ ಪ್ರಶ್ನೆಯನ್ನು ಕೇಳಿದವನೇ. ಯಮನು ಕೂಡಲೆ ಉತ್ತರ ಕೊಡಲಿಲ್ಲ. ಮಕ್ಕಳು ಮೊಮ್ಮಕ್ಕಳು, ಆನೆ ಕುದುರೆ, ಹೊನ್ನು, ದೀರ್ಘಾಯುಷ್ಯ ಎಲ್ಲವನ್ನೂ ಒಡ್ಡಿ, ‘ಈ ಪ್ರಶ್ನೆಯೊಂದನ್ನು ಬಿಡು’ ಎಂದನು. ವಾಚಕರು ಇದರ ಸ್ವಾರಸ್ಯವನ್ನು ಗಮನಿಸಬೇಕು. ಸಾಧಾರಣವಾಗಿ ಆಮಿಷವು ಶಿಷ್ಯನನ್ನು ಹತ್ತಿರಕ್ಕೆ ಸೆಳೆಯಲು ಬಳಸಲ್ಪಡುವುದು. ಇಲ್ಲಿ ಅದು ಅವನನ್ನು ದೂರಕ್ಕೆ ಕಳುಹಿಸಲು ಬಳಸಲ್ಪಟ್ಟಿದೆ. ಕೇಳುವವನ ಹಸಿವು ನಿಜವಾದುದೋ ಅಲ್ಲವೋ ಎಂಬುದು ಹೊರಗಿನ ಲಾಭವೆಲ್ಲವೂ ಎದುರು ಪಕ್ಷದಲ್ಲಿದ್ದಾಗ ಮಾತ್ರ ತಿಳಿಯುವುದು ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಕ್ರೈಸ್ತರ ಸತ್ಯವೇದದಲ್ಲಿಯೂ ಇದಕ್ಕೆ ಸಮನಾದ ಸಂದರ್ಭವೊಂದುಂಟು. ಐಶ್ವರ್ಯವಂತನಾದ ಒಬ್ಬ ಯೌವನಸ್ಥನು ಯೇಸುವಿನ ಬಳಿಗೆ ಬಂದು ನಿತ್ಯಜೀವಕ್ಕೆ ದಾರಿ ಯಾವುದೆಂದು ಕೇಳುವನು. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆದಿರುವನು. ಆದರೂ ದಾರಿಯನ್ನು ಸುಲಭಮಾಡಿ ಹೇಳಲಿಲ್ಲ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದನು. ತರುಣನು ಮುಖ ಬಾಡಿಸಿಕೊಂಡು ಹೊರಟುಹೋದನು. ಅವನ ಹಿಂದೆ ಓಡಿ ಷರತ್ತನ್ನು ತಗ್ಗಿಸಿದನೆಂದು ಯಾವ ಸುವಾರ್ತೆಯಲ್ಲಿಯೂ ಇಲ್ಲ. ಪ್ರೀತಿಯೂ, ಹೋಗಬಿಡುವ ಧೈರ್ಯವೂ ಒಂದೇ ಗಳಿಗೆಯಲ್ಲಿ ಒಂದೇ ಹೃದಯದಲ್ಲಿ ಇದ್ದವು. ಗೋಪುರ ಕಟ್ಟುವವನು ಮೊದಲು ಕುಳಿತು ವೆಚ್ಚವನ್ನು ಎಣಿಸಬೇಕೆಂದು ಹೇಳಿದವನೂ, ಒಬ್ಬ ಮತಾಂತರಿಯನ್ನು ಸಂಪಾದಿಸುವುದಕ್ಕಾಗಿ ಸಮುದ್ರವನ್ನೂ ನೆಲವನ್ನೂ ಸುತ್ತುವವರನ್ನು ಕಟುವಾಗಿ ಖಂಡಿಸಿದವನೂ ಅದೇ ಯೇಸುವೇ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಎಲ್ಲವನ್ನೂ ಉಪದೇಶಿಸಿದ ಮೇಲೆ, ಚೆನ್ನಾಗಿ ವಿಮರ್ಶಿಸಿ ನಿನ್ನ ಇಷ್ಟದಂತೆ ಮಾಡೆಂದು ಅರ್ಜುನನಿಗೆ ಬಿಟ್ಟುಕೊಟ್ಟುದನ್ನು ನಮ್ಮವರೆಲ್ಲ ಬಲ್ಲರು. ಮತಗಳು ಎಷ್ಟೇ ಬೇರೆಯಾದರೂ ಗುರುವಿನ ಲಕ್ಷಣದಲ್ಲಿ ಈ ಒಂದು ಅಂಶವು ಸಮಾನವಾಗಿದೆ: ಅವನು ಹೇಳಬೇಕಾದುದನ್ನು ಪೂರ್ಣವಾಗಿ ಹೇಳುವನು, ಆರಿಸುವ ಕೆಲಸವನ್ನು ತಾನು ಕಸಿದುಕೊಳ್ಳನು.

ತತ್ತ್ವವು ಹೀಗೆ ಸ್ಪಷ್ಟವಾದರೂ ಆಚರಣೆಯಲ್ಲಿ ಅದು ಸಿಕ್ಕಿಗೆ ಸಿಕ್ಕುವುದುಂಟು. ಪಂಡಿತಾ ರಮಾಬಾಯಿಯವರ ಶಾರದಾ ಸದನದ ಪ್ರಸಂಗವು ಇದಕ್ಕೆ ನಿದರ್ಶನ. ರಮಾಬಾಯಿಯವರು ೧೮೫೮ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ನಿರ್ಬಂಧವನ್ನು ಮೀರಿ ಅವರ ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಕಲಿಸಿದರು. ಮಗಳೂ ಆ ವಿದ್ಯೆಗೆ ವಾರಸುದಾರಳಾದಳು. ತಂದೆತಾಯಿಗಳು ಕ್ಷಾಮಕಾಲದಲ್ಲಿ ತೀರಿಹೋದರು. ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರನ್ನು ಪಂಡಿತೆಯೆಂದೂ ಸರಸ್ವತಿಯೆಂದೂ ಗೌರವಿಸಿದರು. ಎಳೆಯ ಪ್ರಾಯದಲ್ಲಿ ವಿಧವೆಯಾಗಿ, ಮಗುವಿನೊಡನೆ ಇಂಗ್ಲೆಂಡಿಗೆ ಹೋಗಿ, ೧೮೮೩ರಲ್ಲಿ ವಾಂಟೇಜ್ ಎಂಬಲ್ಲಿ ಅವರು ಕ್ರೈಸ್ತರಾದರು. ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೂ ಹುಡುಗಿಯರಿಗೂ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅಲ್ಲಿ ಮತಬೋಧನೆಯಿಲ್ಲವೆಂದೂ, ಹುಡುಗಿಯರು ತಮ್ಮ ಕುಲಾಚಾರದಂತೆ ಇರಬಹುದೆಂದೂ ಮಾತು ಕೊಡಲ್ಪಟ್ಟಿತ್ತು. ಆ ಮಾತನ್ನು ನಂಬಿ ರಾನಡೆ, ಭಂಡಾರ್ಕರ್ ಮೊದಲಾದ ಸುಧಾರಕರು ಸಲಹಾಸಮಿತಿಯಲ್ಲಿದ್ದರು.

ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ತಾವು ಮಾಡುತ್ತಿದ್ದರು, ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ‘ನಾನು ಯಾರನ್ನೂ ಕರೆಯಲಿಲ್ಲ; ಬಂದವರನ್ನು ಹೊರಗೆ ನೂಕಲಾರೆ’ ಎಂಬುದು ರಮಾಬಾಯಿಯವರ ಪಕ್ಷ. ‘ಆಶ್ರಯಕೊಟ್ಟ ತಾಯಿಯ ಬಾಗಿಲು ತೆರೆದಿದ್ದರೆ ಅದೇ ಕರೆ’ ಎಂಬುದು ಎದುರು ಪಕ್ಷ. ೧೮೯೩ರಲ್ಲಿ ಸಲಹಾಸಮಿತಿಯವರು ರಾಜೀನಾಮೆ ಕೊಟ್ಟರು. ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಿಡಿಸಿಕೊಂಡು ಹೋದ ಬಾಲವಿಧವೆಯರು ಮರಳಿ ಸೇರಿದುದು ಯಾವ ಬಾಳಿಗೆ ಎಂಬುದನ್ನು ಆ ಕಾಲವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಈ ವ್ಯಾಜ್ಯದಲ್ಲಿ ನ್ಯಾಯ ಯಾರ ಕಡೆಗಿದೆ? ನನಗೆ ತೋರುವ ಮಟ್ಟಿಗೆ ರಮಾಬಾಯಿಯವರ ಪ್ರಾರ್ಥನೆಯಲ್ಲಿ ದೋಷವಿಲ್ಲ. ತಾನು ನಂಬಿದುದನ್ನು ಮರೆಮಾಡದೆ ಬಾಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಸುಧಾರಕರ ಶಂಕೆಯೂ ನಿರಾಧಾರವಾದುದಲ್ಲ. ಅನ್ನ, ಬಟ್ಟೆ, ವಿದ್ಯೆ, ವಾತ್ಸಲ್ಯ ಇವೆಲ್ಲವೂ ಒಬ್ಬರ ಕೈಯಿಂದಲೇ ಬರುತ್ತಿರುವಾಗ, ಆ ಕೈಯವರ ದೇವರನ್ನು ಮೆಚ್ಚುವುದರಲ್ಲಿ ವಿಚಾರವೆಷ್ಟು, ಕೃತಜ್ಞತೆಯೆಷ್ಟು ಎಂದು ಆ ಹುಡುಗಿಗೇ ತಿಳಿಯದು. ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದಿರುವುದು ರಮಾಬಾಯಿಯವರ ಸ್ವಂತ ಜೀವನದ ಇನ್ನೊಂದು ಅಂಶ. ಅವರು ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ಮೇಲೂ ತಮ್ಮ ವಿವೇಕವನ್ನು ಯಾರಿಗೂ ಒಪ್ಪಿಸಲಿಲ್ಲ. ಅಲ್ಲಿಯ ಸನ್ಯಾಸಿನಿ ಸಿಸ್ಟರ್ ಜೆರಾಲ್ಡೀನ್ ಅವರು ಗುರುಸ್ಥಾನದಲ್ಲಿ ನಿಂತು ವಿಧೇಯತೆಯನ್ನು ಬಯಸಿದಾಗ, ತನ್ನ ಅಂತಃಸಾಕ್ಷಿಗೆ ಒಪ್ಪದುದನ್ನು ಚರ್ಚು ಹೇಳಿತೆಂದು ಮಾತ್ರಕ್ಕೆ ಸ್ವೀಕರಿಸಲಾರೆನೆಂದು ಪತ್ರಮುಖೇನ ವಾದಿಸಿದರು. ಸಹಾಯ ಮಾಡಿದವರಿಗೆ ಕೃತಜ್ಞತೆಯನ್ನು ಸಲ್ಲಿಸಬಹುದು, ಅಂತಃಕರಣವನ್ನು ಸಲ್ಲಿಸಲಾಗದು ಎಂಬ ವ್ಯತ್ಯಾಸವನ್ನು ಅವರು ತಮ್ಮ ಅನುಭವದಿಂದ ಅರಿತವರು. ಮತವನ್ನು ಹಂಚುವವರು ಕಲಿಯಬೇಕಾದ ಮೊದಲ ಪಾಠ ಇದೇ.

ಮಿಶನ್ನಿನವರಿಗೂ ಈ ಸಂಕಟ ತಪ್ಪಲಿಲ್ಲ. ಕ್ರೈಸ್ತನಾದವನು ಜಾತಿಯೊಡನೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಅವನ ಹೊಟ್ಟೆಗೆ ದಾರಿಮಾಡುವುದು ಕರ್ತವ್ಯವೆಂದು ನೇಯ್ಗೆಯ ಕಾರ್ಖಾನೆಗಳನ್ನೂ, ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮಂಗಳೂರು ಹೆಂಚು ನಮ್ಮ ಮಾಡುಗಳ ಮೇಲೆ ಏರಿದ ಕಥೆಯ ಮೊದಲು ಅಲ್ಲಿದೆ. ಆದರೆ ಮೊದಲು ಬಂದವನಿಗೆ ಪರಿಹಾರವಾಗಿ ಕೊಟ್ಟ ಅನ್ನವೇ ಎರಡನೆಯವನ ಕಣ್ಣಿಗೆ ಬಹುಮಾನವಾಗಿ ಕಾಣುವುದು. ಕರುಣೆಯಿಂದ ಮಾಡಿದ ಕೆಲಸವೇ ಆಮಿಷವಾಗಿ ಪರಿಣಮಿಸುವ ಈ ಸೋಜಿಗವನ್ನು ತಪ್ಪಿಸುವ ಉಪಾಯ ಒಂದೇ: ಸಹಾಯವು ನಂಬಿದವನಿಗೂ ನಂಬದವನಿಗೂ ಒಂದೇ ಅಳತೆಯಲ್ಲಿ ದೊರೆಯಬೇಕು. ಪ್ರಶ್ನೆ ಕೇಳಿ, ಉತ್ತರ ಕೇಳಿ, ‘ನನಗೆ ಒಪ್ಪಿಗೆಯಾಗಲಿಲ್ಲ’ ಎಂದು ಹೇಳಿದ ವಿದ್ಯಾರ್ಥಿಗೆ ಮರುದಿನ ಗುರುವಿನ ಮುಖದಲ್ಲಿ ಯಾವ ಬದಲಾವಣೆಯೂ ಕಾಣಬಾರದು. ಕಂಡರೆ, ಹಿಂದಿನ ಪ್ರೀತಿಯೆಲ್ಲ ಮುಂಗಡದ ಹಣವಾಗಿತ್ತೆಂದು ಅವನು ತಿಳಿಯುವನು.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಗುರುಗಳೂ ಇದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ೧೮೬೨ರಲ್ಲಿ ಮದರಾಸಿಗೆ ಬಂದು ಕ್ರಿಶ್ಚಿಯನ್ ಕಾಲೇಜನ್ನು ಬೆಳೆಸಿದ ವಿಲಿಯಂ ಮಿಲ್ಲರರು, ದೀಕ್ಷಾಸ್ನಾನಗಳನ್ನು ಎಣಿಸುವುದು ಕಾಲೇಜಿನ ಕೆಲಸವಲ್ಲ, ಒಳ್ಳೆಯ ವಿಚಾರಗಳು ಜನಜೀವನದಲ್ಲಿ ಹುಳಿಹಿಟ್ಟಿನಂತೆ ವ್ಯಾಪಿಸಬೇಕು ಎಂಬ ಅಭಿಪ್ರಾಯದವರಾಗಿದ್ದರು. ಇದಕ್ಕಾಗಿ ಸ್ವಮತದವರಿಂದಲೇ ಆಕ್ಷೇಪಣೆಗೆ ಗುರಿಯಾದರು. ಅದೇ ಕಾಲೇಜಿನಲ್ಲಿ ಓದಿದ ತರುಣರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಒಬ್ಬರು. ಹಿಂದೂಧರ್ಮದ ಮೇಲೆ ಕ್ರೈಸ್ತ ಉಪಾಧ್ಯಾಯರು ಮಾಡುತ್ತಿದ್ದ ಟೀಕೆಯು ತಮ್ಮ ಶ್ರದ್ಧೆಯನ್ನು ಕದಲಿಸಿ, ತಮ್ಮ ಮನೆಯ ತತ್ತ್ವವನ್ನೇ ಆಳವಾಗಿ ಶೋಧಿಸುವಂತೆ ಮಾಡಿತೆಂದು ಅವರು ಮುಂದೆ ಬರೆದಿರುವರು. ೧೯೦೮ರ ಸುಮಾರಿಗೆ ಅವರು ವೇದಾಂತದ ನೀತಿಶಾಸ್ತ್ರವನ್ನು ಸಮರ್ಥಿಸಿ ಬರೆದ ಪ್ರಬಂಧವನ್ನು ಹೊಗಳಿದವರು ಯಾರು? ಕ್ರೈಸ್ತ ದೇವತಾಶಾಸ್ತ್ರದಲ್ಲಿ ಪ್ರಸಿದ್ಧರಾದ ಅವರ ಅಧ್ಯಾಪಕ ಎ. ಜಿ. ಹಾಗ್ ಅವರೇ. ತನ್ನ ಮತವನ್ನು ಒಪ್ಪದ ಬರೆಹದಲ್ಲಿ ವಿಚಾರಶಕ್ತಿಯನ್ನು ಕಂಡು ಮೆಚ್ಚಿದ ಆ ಗುರುವಿನ ಬಳಿ ಓದಿದವರೇ ೧೯೧೮ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಪ್ರಾಮಾಣಿಕವಾದ ಮತಸಂವಾದದ ಫಲವು ಕೌಂಡಿನ್ಯನ ದಾರಿಯೂ ಆಗಬಹುದು, ರಾಧಾಕೃಷ್ಣನ್ನರ ದಾರಿಯೂ ಆಗಬಹುದು. ಎರಡಕ್ಕೂ ಸಿದ್ಧನಿಲ್ಲದವನು ಸಂವಾದಕ್ಕೆ ಕುಳಿತುಕೊಳ್ಳಲೇಬಾರದು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ‘ತನ್ನ ಮತದಲ್ಲಿ ಆತ್ಮದ ರಕ್ಷಣೆಯಿದೆಯೆಂದು ನಂಬಿದವನಿಗೆ ಇಷ್ಟೆಲ್ಲ ಎಚ್ಚರಿಕೆಯನ್ನು ಹೇಳುವುದು, ನೀರಿನಲ್ಲಿ ಮುಳುಗುವವನನ್ನು ಎತ್ತುವ ಮುನ್ನ ಅಪ್ಪಣೆ ಕೇಳು ಎಂದಂತೆ’ ಎಂದು ಉತ್ಸಾಹಿಯಾದ ಬೋಧಕನು ಹೇಳಬಹುದು. ಉಪಮಾನವು ಬಲವಾಗಿ ತೋರಿದರೂ ಇಲ್ಲಿ ಹೊಂದದು. ಮುಳುಗುವವನನ್ನು ಜುಟ್ಟು ಹಿಡಿದು ಎಳೆದರೂ ದಡ ಸೇರುವನು. ನಂಬಿಕೆಯ ದಡಕ್ಕೆ ಹಾಗೆ ಎಳೆದು ತರಲು ಬಾರದು. ಹೆದರಿಸಿಯೋ, ಆಸೆ ತೋರಿಸಿಯೋ, ಒಂಟಿತನದ ಸಮಯವನ್ನು ನೋಡಿಯೋ ಹುಟ್ಟಿಸಿದ ನಂಬಿಕೆಯು ನಂಬಿಕೆಯೇ ಅಲ್ಲ. ಆದುದರಿಂದ ಬಲವಂತವು ಪಾಪವೆಂಬುದು ಹಾಗಿರಲಿ, ಅದು ತನ್ನ ಗುರಿಯನ್ನೇ ಮುಟ್ಟದ ಬಾಣ. ನಿರೀಕ್ಷೆಯ ಕಾರಣವನ್ನು ಕೇಳಿದವರಿಗೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಉತ್ತರ ಹೇಳಬೇಕೆಂದು ಪೇತ್ರನ ಪತ್ರಿಕೆಯು ವಿಧಿಸಿರುವುದೂ ಈ ಕಾರಣದಿಂದಲೇ ಇರಬೇಕು.

ಯೌವನದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ತರುಣನ ಹೃದಯವು ಬೇಗ ಉರಿಯುವುದು. ತ್ಯಾಗವೆಂಬ ಮಾತಿಗೆ ಅವನು ಮರುಳಾಗುವನು. ಮನೆಯಲ್ಲಿ ಜಗಳವಾದ ವಾರದಲ್ಲಿ ಹೊರಗಿನ ಬೆಳಕೆಲ್ಲ ಸೂರ್ಯನಂತೆ ಕಾಣುವುದು. ಇಂತಹವನಿಗೆ ನಿಜವಾದ ಹಿತೈಷಿಯು ಹೇಳಬೇಕಾದುದು, ‘ಕಾದು ನೋಡು’ ಎಂಬ ಮಾತು. ‘ನಿನ್ನ ತಂದೆತಾಯಿಗಳಿಗೆ ತಿಳಿಯದಂತೆ ನನ್ನ ಬಳಿಗೆ ಬರಬೇಡ, ನಿನ್ನ ಮನೆಯ ಗ್ರಂಥಗಳನ್ನು ಓದದೆ ಅವುಗಳನ್ನು ಬಿಡಬೇಡ, ನೀನು ಕೊಡಬೇಕಾಗುವ ಬೆಲೆಯಲ್ಲಿ ಇತರರೂ ಪಾಲು ತೆರುವರು, ಅವರನ್ನು ನೆನೆ’ ಎಂದು ಹೇಳುವ ಬೋಧಕನು ಕೆಲವರನ್ನು ಕಳೆದುಕೊಳ್ಳಬಹುದು, ಮೋಸಮಾಡಿದೆನೆಂಬ ಅಪವಾದವನ್ನು ಮಾತ್ರ ಹೊರಲಾರನು. ಪ್ರಾಯಕ್ಕೆ ಬಾರದ ಬಾಲಕರ ಮಾತಂತೂ ಬೇರೆಯೇ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನೂ ಮತಪ್ರಚಾರದ ಹಕ್ಕನ್ನೂ ಕೊಟ್ಟಿದೆ. ೨೮ನೆಯದು, ಸರ್ಕಾರದ ಮನ್ನಣೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ, ಬಾಲಕರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಮತಬೋಧನೆಗೆ ಗುರಿಮಾಡಲಾಗದೆಂದು ಹೇಳಿದೆ. ಪ್ರಚಾರದ ಹಕ್ಕೆಂದರೆ ತನ್ನ ಮತದ ತತ್ತ್ವಗಳನ್ನು ತಿಳಿಯಪಡಿಸುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ತೀರ್ಪು ಕೊಟ್ಟಿತು. ಶಾಸನವು ಎಳೆಯುವ ಗೆರೆ ಇಷ್ಟು. ಸಜ್ಜನನು ತನಗೆ ಎಳೆದುಕೊಳ್ಳುವ ಗೆರೆಯು ಇದಕ್ಕಿಂತ ಒಳಗಿರತಕ್ಕದ್ದು.

ಹಂಚಲು ಬಯಸುವವನು ಸ್ವೀಕರಿಸಲೂ ಬಲ್ಲವನಾಗಬೇಕು. ಮೊಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಹಾಕಿಸಿದರು. ೧೮೫೩ರಲ್ಲಿ ಬಂದ ಕಿಟೆಲರು ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ೧೮೯೪ರಲ್ಲಿ ನಮಗೆ ನಿಘಂಟನ್ನು ಕೊಟ್ಟರು. ಕೇಳುವವನ ನುಡಿಯನ್ನು ಇಷ್ಟು ಪ್ರೀತಿಸಿದವನ ಮಾತನ್ನು ಒಪ್ಪದವರೂ ಗೌರವದಿಂದ ಕೇಳುವರು. ತರುಣನ ಮನೆಯಲ್ಲಿರುವುದೆಲ್ಲ ಕತ್ತಲೆಯೆಂದು ಆರಂಭಿಸುವವನು, ಆ ತರುಣನು ಬಂದ ದಾರಿಯನ್ನೇ ಅವಮಾನಿಸಿದಂತಾಗುವುದು.

ಕಡೆಯ ಮಾತು ಮನೆಯ ಹಿರಿಯರಿಗೆ. ಬೋಧಕನ ಕರ್ತವ್ಯವನ್ನು ಎಣಿಸಿದಂತೆ ನಮ್ಮ ಕರ್ತವ್ಯವನ್ನೂ ಎಣಿಸಿಕೊಳ್ಳಬೇಕು. ಮಗನು ‘ಏಕೆ’ ಎಂದು ಕೇಳಿದಾಗ ಗದರಿಸಿ ಕೂಡಿಸಿದ ಮನೆಯವರು, ಅವನು ಬೇರೊಬ್ಬರ ಜಗುಲಿಯಲ್ಲಿ ಕುಳಿತು ಕೇಳುವಾಗ ಆ ಜಗುಲಿಯವನನ್ನು ಮಾತ್ರ ದೂರುವುದು ಸರಿಯಲ್ಲ. ನಮ್ಮಲ್ಲಿ ಉತ್ತರವಿದ್ದರೆ ಹೇಳೋಣ. ಇಲ್ಲದಿದ್ದರೆ ಅವನೊಡನೆ ಕುಳಿತು ಹುಡುಕೋಣ. ಮಗನು ಕೊನೆಗೆ ಯಾವ ದಾರಿಯನ್ನು ಹಿಡಿದರೂ, ತಾನು ಹಾಗೆ ಹುಡುಕಿದುದು ತನ್ನವರ ಕಣ್ಣೆದುರಿನಲ್ಲಿ, ಹಗಲಿನಲ್ಲಿ, ಯಾರ ಋಣಕ್ಕೂ ಸಿಕ್ಕದೆ ಎಂದು ಹೇಳಿಕೊಳ್ಳುವಂತಾಗಲಿ. ಕೌಂಡಿನ್ಯನ ಮನೆಗೆ ಆ ಭಾಗ್ಯವಿರಲಿಲ್ಲ. ನಮ್ಮ ಮನೆಗಳಿಗೆ ಅದನ್ನು ದೊರಕಿಸುವುದು ಹೇಳುವವರ ಕೈಯಲ್ಲಿ ಎಷ್ಟಿದೆಯೋ ಕೇಳಿಸಿಕೊಳ್ಳುವ ಹಿರಿಯರ ಕೈಯಲ್ಲಿಯೂ ಅಷ್ಟೇ ಇದೆ.